ಹಸಿರು ಟಿಕ್ ಬಿತ್ತು, ಜವಾಬ್ದಾರಿ ಯಾರದು?

ತಪ್ಪೊಂದು ಗ್ರಾಹಕರ ಕೈಗೆ ಹೋಗಿ ಅಲ್ಲಿ ಸಿಕ್ಕಿಬಿದ್ದ ದಿನ, ಸಾಫ್ಟ್‌ವೇರ್ ಆಫೀಸಿನಲ್ಲಿ ಕೇಳಿಬರುವ ಮೊದಲ ಮಾತು ಸಾಮಾನ್ಯವಾಗಿ ಇದು: “ಪೈಪ್‌ಲೈನ್ ಪಾಸ್ ಆಗಿತ್ತಲ್ಲ?” ಈ ಮಾತಿನಲ್ಲಿ ಮನುಷ್ಯರೇ ಇಲ್ಲ, ಗಮನಿಸಿ. ನಾನು ನೋಡಿದ್ದೆ ಅಂತ ಇಲ್ಲ, ನೀನು ನೋಡಿದ್ದೆ ಅಂತಲೂ ಇಲ್ಲ. ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಹಾಗೆ ಪಾಸ್ ಆಯ್ತು. ಹತ್ತು ವರ್ಷದಿಂದ ಈ ಮಾತು ಕೇಳುತ್ತಾ ಬಂದಿದ್ದೇನೆ. ಅದರೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿ ಕೂತಿದೆ ಅಂತ ಈಚೆಗೆ ಅನ್ನಿಸತೊಡಗಿದೆ. ಜವಾಬ್ದಾರಿಯನ್ನು ಯಂತ್ರಕ್ಕೆ ದಾಟಿಸೋಕೆ ಆಗುತ್ತಾ?

ಈ ಕಸುಬಿನವರಲ್ಲದ ಓದುಗರಿಗೆ ಎರಡು ಮಾತು. ಒಂದೇ ತಂತ್ರಾಂಶದ ಮೇಲೆ ಹತ್ತು ಜನ, ನೂರು ಜನ, ಕೆಲವು ಕಡೆ ಸಾವಿರಾರು ಜನ ಕೆಲಸ ಮಾಡುತ್ತಿರುತ್ತಾರೆ. ಪ್ರತಿಯೊಬ್ಬರೂ ತಾವು ಬರೆದ ಕೋಡನ್ನು ದಿನಕ್ಕೆ ಹಲವು ಸಲ ಎಲ್ಲರಿಗೂ ಸೇರಿದ ಒಂದು ಕಣಜಕ್ಕೆ ಸುರಿಯುತ್ತಾರೆ. ಸುರಿದ ಪ್ರತಿ ಸಲವೂ ಒಂದು ಸ್ಕ್ರಿಪ್ಟ್ ತಾನಾಗಿ ಎದ್ದು, ಎಲ್ಲವನ್ನೂ ಮೊದಲಿನಿಂದ ಕಟ್ಟಿ, ನೂರಾರು ಟೆಸ್ಟ್ ಓಡಿಸಿ, ಕೊನೆಗೆ ಒಂದು ಹಸಿರು ಟಿಕ್ ಅಥವಾ ಕೆಂಪು ಇಂಟು ಮಾರ್ಕ್ ತೋರಿಸುತ್ತದೆ. ಕಂಟಿನ್ಯುಯಸ್ ಇಂಟಿಗ್ರೇಷನ್ ಅಂತಾರೆ, ಚಿಕ್ಕದಾಗಿ ಸಿಐ. ಕೆಂಪು ಬಂದರೆ ಕೋಡ್ ಮುಂದಕ್ಕೆ ಹೋಗುವ ಹಾಗಿಲ್ಲ. ಹಸಿರು ಬಂದರೆ ಕಾಫಿಗೆ ಹೋಗಬಹುದು.

ಇದರ ಒಂದು ಜನಪ್ರಿಯ ಸಾಧನ ಹುಟ್ಟಿದ್ದು ಸಂಕೋಚದಿಂದ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಸುಕೆ ಕವಾಗುಚಿ ಅನ್ನುವ ಎಂಜಿನಿಯರ್, ತನ್ನ ಕೋಡ್‌ನಿಂದ ಮತ್ತೆ ಮತ್ತೆ ಬಿಲ್ಡ್ ಮುರಿದು ಜೊತೆಗಾರರ ಸಿಟ್ಟಿಗೆ ಗುರಿಯಾಗಿ ಸಾಕಾಗಿ, ಕೋಡ್ ಸರಿಯಿದೆಯೋ ಇಲ್ಲವೋ ಮುಂಚೆಯೇ ಹೇಳಿಬಿಡುವ ಸಾಧನವೊಂದನ್ನು ಬರೆದ. ಅದು ಹಡ್ಸನ್ ಅನ್ನುವ ಹೆಸರಿನಲ್ಲಿ 2005ರಲ್ಲಿ ಹೊರಬಂತು. ಒರಾಕಲ್ ಜೊತೆ ಹೆಸರಿನ ಜಗಳವಾಗಿ 2011ರಲ್ಲಿ ಜೆಂಕಿನ್ಸ್ ಆಯಿತು. ಜೆಂಕಿನ್ಸ್ ಚಿತ್ರ ನೋಡಿರುತ್ತೀರಿ, ಬೋ ಟೈ ಕಟ್ಟಿಕೊಂಡು ತೋಳಿನ ಮೇಲೆ ಟವೆಲ್ ಹಾಕಿಕೊಂಡ ಮನೆಯಾಳು. ನನಗೆ ಆ ಚಿತ್ರ ಇಷ್ಟ. ಬಾಗಿಲು ಹಾಕಿದೆಯಾ, ಗ್ಯಾಸ್ ಆಫ್ ಆಗಿದೆಯಾ ಅಂತ ದಿನಾ ರಾತ್ರಿ ತಪ್ಪದೆ ನೋಡಲು ಅವನಿಗೆ ಹೇಳಬಹುದು. ಮನೆಗೆ ಯಾರನ್ನು ಕರೆಯಬೇಕು ಅನ್ನುವುದನ್ನು ಮಾತ್ರ ಮನೆಯವರೇ ತೀರ್ಮಾನಿಸಬೇಕು.

ಯಂತ್ರವನ್ನು ಬೈಯೋದು ನನ್ನ ಉದ್ದೇಶ ಅಲ್ಲ. ನಾನು ಕೊಪ್ಪಳ ಜಿಲ್ಲೆಯವನು, ಊರು ಹುಲಿಹೈದರ. ನಮ್ಮ ಜಿಲ್ಲೆಯ ನೀರಾವರಿ ಭಾಗದಲ್ಲಿ, ಗಂಗಾವತಿ, ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವಲ್ಲೆಲ್ಲ ಭತ್ತ. ಭತ್ತ ಮಾರುವವರಿಗೆ ಪೈಪ್‌ಲೈನ್ ಅಂದ್ರೇನು ಅಂತ ವಿವರಿಸಬೇಕಾಗಿಲ್ಲ, ತೇವಾಂಶ ಅಳೆಯುವ ಮೀಟರ್ ಅವರಿಗೆ ಗೊತ್ತು. ಬೆಂಬಲ ಬೆಲೆಗೆ ಕೊಡಬೇಕಾದರೆ ಭತ್ತದ ತೇವ ಶೇ 17 ಮೀರಬಾರದು. ಹದಿನೇಳಕ್ಕೆ ಹಸಿರು, ಹದಿನೆಂಟಕ್ಕೆ ಕೆಂಪು. ಮೀಟರ್ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು: “ಸಾವ್ಕಾರ ಎರಡು ಕಾಳು ಹಲ್ಲಾಗ ಕಡದು ‘ಹಸಿ ಐತಿ’ ಅಂದ್ರ ಮುಗೀತು. ಅವ್ನ ಹಲ್ಲಿಗಿ ಎದುರು ಮಾತಾಡೂದು ಹ್ಯಾಂಗ?” ಮೀಟರ್ ಬಂದ ಮೇಲೆ ಕನಿಷ್ಠ ಸಂಖ್ಯೆಯ ಜೊತೆ ಜಗಳ ಆಡಬಹುದು. ಇನ್ನೊಂದು ಮೀಟರ್ ತರಿಸಿ ಅನ್ನಬಹುದು.

ಸಿಐ ನಮ್ಮ ಆಫೀಸುಗಳಿಗೆ ಮಾಡಿದ ದೊಡ್ಡ ಉಪಕಾರ ಇದೇ ಜಾತಿಯದ್ದು. ಇಪ್ಪತ್ತೆರಡು ವರ್ಷದ ಫ್ರೆಶರ್, ಅದೂ ಇಂಗ್ಲಿಷ್ ಮಾತಾಡಲು ಇನ್ನೂ ತಡವರಿಸುವ ಹುಡುಗಿ, ಹದಿನೈದು ವರ್ಷ ಅನುಭವದ ಆರ್ಕಿಟೆಕ್ಟ್‌ಗೆ “ಸರ್, ನಿಮ್ಮ ಕೋಡ್ ತಪ್ಪಿದೆ” ಅಂತ ಮೀಟಿಂಗ್‌ನಲ್ಲಿ ಹೇಳುವುದು ಕಷ್ಟ. ಸ್ಕ್ರಿಪ್ಟ್‌ಗೆ ಆ ಹಂಗಿಲ್ಲ. ಅದು ಮ್ಯಾನೇಜರ್ ಮುಖ ನೋಡಲ್ಲ, ಅಪ್ರೈಸಲ್‌ಗೆ ಹೆದರಲ್ಲ. ಎಲ್ಲರ ಕೋಡನ್ನೂ ಒಂದೇ ಗರಣಿಯಲ್ಲಿ ಜರಡಿ ಹಿಡಿಯುತ್ತದೆ. ಹೀಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ವ್ಯವಸ್ಥೆ ನಮ್ಮ ದೇಶದ ಕಚೇರಿಗಳಲ್ಲಿ ಎಷ್ಟಿವೆ, ನೀವೇ ಎಣಿಸಿ. ಆದರೆ ಆ ಪುಟದಲ್ಲೇ, ಕೆಂಪಿದ್ದರೂ ದಾಟಿಸಿಬಿಡುವ ಇನ್ನೊಂದು ಗುಂಡಿ ಇರುತ್ತದೆ, ಅಡ್ಮಿನ್ ಆದವರಿಗೆ ಮಾತ್ರ. ಒಂದು ತಂಡ ಎಂಥದ್ದು ಅಂತ ತಿಳಿಯಬೇಕಾದರೆ ಆ ಗುಂಡಿಯನ್ನು ಯಾರು, ತಿಂಗಳಿಗೆ ಎಷ್ಟು ಸಲ ಒತ್ತಿದ್ದಾರೆ ಅಂತ ನೋಡಿದರೆ ಸಾಕು.

ಆದರೆ ಗುಂಡಿಗಿಂತ ಕಷ್ಟದ ವಿಷಯ ಟೆಸ್ಟ್‌ನೊಳಗೇ ಇದೆ. ಟೆಸ್ಟ್ ಅಂದರೆ ಏನು? ನಮ್ಮ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಮಾತಿದೆ: ಮಾತು ಕೊಡುವುದು. “ಇಂಥವರು ಇಂಥದ್ದನ್ನು ಕೊಟ್ಟಾಗ ನಮ್ಮ ಪ್ರೋಗ್ರಾಂ ಹೀಗೇ ನಡೆದುಕೊಳ್ಳುತ್ತದೆ” ಅಂತ ಬರೆದು ಕೊಟ್ಟ ಮಾತು. ಕೊಟ್ಟ ಮಾತನ್ನು ಯಂತ್ರ ಹಗಲು ರಾತ್ರಿ ಉಳಿಸಿಕೊಳ್ಳುತ್ತದೆ, ನಮ್ಮ ಹಾಗೆ ಅದಕ್ಕೆ ಮರೆವಿಲ್ಲ, ಬೇಸರವಿಲ್ಲ. ಯಾರಿಗೆ ಮಾತು ಕೊಡಬೇಕು ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ನಾವು ಬರೆಯುವ ಟೆಸ್ಟ್‌ಗಳಲ್ಲಿ ವಾಸವಿರುವವರು ಯಾರು ಅಂತ ಒಮ್ಮೆ ನೋಡಿ. ಜಾನ್ ಡೋ ಇದ್ದಾನೆ, ಮೇನ್ ಸ್ಟ್ರೀಟ್‌ನಲ್ಲಿ ಮನೆ, ಹೆಸರಿಗೆ ಎರಡು ಭಾಗ, ಇಮೇಲ್ ಇದೆ, ನೆಟ್‌ವರ್ಕ್ ಯಾವತ್ತೂ ಹೋಗಲ್ಲ. ಬೆಂಗಳೂರಲ್ಲಿ ಬರೆದರೆ ಹೆಚ್ಚೆಂದರೆ ರಾಹುಲ್ ಶರ್ಮ ಬರುತ್ತಾನೆ, ಇಂದಿರಾನಗರದಲ್ಲಿ ಇರುತ್ತಾನೆ. ಹಸಿರು ಟಿಕ್ ಬಂದಾಗ ಇವರಿಬ್ಬರೂ ಸುಖವಾಗಿದ್ದಾರೆ ಅಂತ ಅರ್ಥ.

ಅದಕ್ಕೇ ನಾನು ಎಲ್ಲಿ ಕೆಲಸ ಮಾಡಿದರೂ ನನ್ನ ಟೆಸ್ಟ್‌ಗಳಲ್ಲಿ ಒಂದು ಊರನ್ನು ಸೇರಿಸುತ್ತೇನೆ, ಹುಲಿಹೈದರ. ಊರ ಮೇಲಿನ ಅಭಿಮಾನ ಇದೆ, ಇಲ್ಲ ಅನ್ನಲ್ಲ. ಆದರೆ ಅದಕ್ಕಿಂತ, ಟೆಸ್ಟ್‌ಗೆ ಇದು ಹೇಳಿ ಮಾಡಿಸಿದ ಊರು. ಇಂಗ್ಲಿಷ್‌ನಲ್ಲಿ ಇದನ್ನು ಕನಿಷ್ಠ ಮೂರು ಥರ ಬರೆಯುತ್ತಾರೆ. ಕನ್ನಡದಲ್ಲಿ ನಿಮ್ಮ ಬಾಯಿಗೆ ಅದು ಐದು ಅಕ್ಷರ: ಹು, ಲಿ, ಹೈ, ದ, ರ. ಯೂನಿಕೋಡ್ ಲೆಕ್ಕದಲ್ಲಿ ಕೊಂಬು, ಗುಡಿಸು, ಐತ್ವ ಎಲ್ಲ ಬೇರೆ ಬೇರೆ ಆಗಿ ಎಂಟು. ಕಡತದಲ್ಲಿ ಉಳಿಸುವಾಗ ಪ್ರತಿ ಕನ್ನಡ ಚಿಹ್ನೆಗೆ ಮೂರು ಬೈಟ್, ಒಟ್ಟು ಇಪ್ಪತ್ನಾಲ್ಕು. ಒಂದೇ ಊರಿಗೆ ಮೂರು ಉದ್ದ! ಯಾವ ಪ್ರೋಗ್ರಾಂ ಯಾವ ಉದ್ದವನ್ನು ನಂಬಿಕೊಂಡು ಕೂತಿದೆ ಅಂತ ಹೇಳೋಕೆ ಬರಲ್ಲ, ಓಡಿಸಿಯೇ ನೋಡಬೇಕು.

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿ, ಹಳ್ಳಿಗಳಲ್ಲಿ ಸಣ್ಣ ಸಾಲ ಕೊಡುವವರಿಗಾಗಿ ಒಂದು ಆ್ಯಪ್ ಮಾಡುತ್ತಿತ್ತು. ವಾರದ ಕಂತು ಕಟ್ಟಿಸಿಕೊಳ್ಳಲು ಬರುವ ಹುಡುಗ ಸೊಂಟಕ್ಕೆ ಪುಟ್ಟ ಪ್ರಿಂಟರ್ ಸಿಕ್ಕಿಸಿಕೊಂಡಿರುತ್ತಾನೆ, ಅಲ್ಲೇ ಕನ್ನಡದಲ್ಲಿ ರಸೀದಿ ಹರಿದು ಕೊಡುತ್ತಾನೆ. ಹೆಸರು ಮತ್ತು ಊರಿನ ಟೆಸ್ಟ್‌ಗಳನ್ನು ನಾನು ಬರೆದು, ಆಮೇಲೆ ಬೇರೆ ತಂಡಕ್ಕೆ ಹೋದೆ. ಒಂದೂವರೆ ವರ್ಷದ ಮೇಲೆ ಆ ತಂಡಕ್ಕೆ ಹೊಸದಾಗಿ ಸೇರಿದ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಲ್ಯಾಪ್‌ಟಾಪ್ ತೆಗೆದುಕೊಂಡು ಬಂದಳು.

“ಸರ, ಇದು ನಿಮ್ಮೂರಲ್ಲೇನ್ರಿ? ಇದನ್ಯಾಕ ಸ್ಕಿಪ್ ಮಾಡ್ಯಾರ?”

ಟೆಸ್ಟ್ ಅಲ್ಲೇ ಇತ್ತು, ಓಡುತ್ತಿರಲಿಲ್ಲ. ಯಾರೋ ಮುಂದೆ ಒಂದು ಸಾಲು ಹಾಕಿದ್ದರು. ಸದ್ಯಕ್ಕೆ ಸ್ಕಿಪ್, ಆಮೇಲೆ ಸರಿ ಮಾಡೋಣ ಅಂತ ಪಕ್ಕದಲ್ಲಿ ಟಿಪ್ಪಣಿ. ಬಿಡುಗಡೆಯ ಹಿಂದಿನ ರಾತ್ರಿ ಕೆಂಪು ಬಂದಿತ್ತಂತೆ. ತಂಡದ ಹಿರಿಯರು “ಬಿಡಮ್ಮ, ಅದು ಹಳೇದು, ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ” ಅಂದರು. ಅವಳು ಬಿಡಲಿಲ್ಲ, ಆ ಸಾಲನ್ನು ತೆಗೆದಳು. ಬಿಲ್ಡ್ ಕೆಂಪಾಯಿತು, ಮೂರು ದಿನ ಕೆಂಪಾಗೇ ಇತ್ತು. ಆ ಮೂರು ದಿನ ಅವಳನ್ನು ಊಟಕ್ಕೆ ಕರೆದವರು ಕಡಿಮೆ.

ಒಳಗಿದ್ದದ್ದು ಇಷ್ಟು. ಪ್ರಿಂಟರ್‌ಗೆ ಕಳಿಸುವ ಕೋಡ್ ಪ್ರತಿ ಖಾನೆಯನ್ನೂ 20 ಬೈಟ್‌ಗೆ ಕತ್ತರಿಸುತ್ತಿತ್ತು. ಇಂಗ್ಲಿಷ್‌ಗೆ ಇಪ್ಪತ್ತು ಅಕ್ಷರ, ಧಾರಾಳ. ಕನ್ನಡಕ್ಕೆ ಆರು ಚಿಹ್ನೆ, ಏಳನೆಯದರ ಮುಕ್ಕಾಲು ಭಾಗವೂ ಇಲ್ಲ. ಹುಲಿಹೈದರ ರಸೀದಿಯಲ್ಲಿ ‘ಹುಲಿಹೈ’ ಆಗಿ, ಪಕ್ಕದಲ್ಲೊಂದು ಕಪ್ಪು ಚೌಕ. ಊರು ಹೋದರೆ ಹೋಗಲಿ ಅನ್ನಬಹುದು. ಹೆಸರು? ನಮ್ಮ ಕಡೆ ಹುಲಿಗಿಯ ಅಮ್ಮನ ಹೆಸರಿಟ್ಟುಕೊಂಡವರು ಮನೆಗೊಬ್ಬರು. ಹುಲಿಗೆಮ್ಮ ಅಂದರೆ 27 ಬೈಟ್. ಹುಲಿಗೆಪ್ಪ ಅಂದರೂ 27. ಕತ್ತರಿಸಿದ ಮೇಲೆ ಇಬ್ಬರೂ ‘ಹುಲಿಗೆ’. ಒಂದೇ ಮನೆಯಲ್ಲಿ ಅತ್ತಿಗೆ ಹುಲಿಗೆಮ್ಮ, ಮೈದುನ ಹುಲಿಗೆಪ್ಪ ಇಬ್ಬರೂ ಬೇರೆ ಬೇರೆ ಸಾಲ ತೆಗೆದಿದ್ದರೆ, ಈ ವಾರ ಕಂತು ಕಟ್ಟಿದವರು ಯಾರು ಅಂತ ಆ ಚೀಟಿ ನೋಡಿ ಹೇಳಿ ಬಿಡಿ. ಕಟ್ಟಿದ್ದಕ್ಕೆ ಅವಳ ಕೈಯಲ್ಲಿರುವ ಸಾಕ್ಷಿ ಅದೊಂದೇ, ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುವ ಕಾಗದ. ಸರ್ವರ್‌ನಲ್ಲಿ ಪೂರ್ತಿ ಹೆಸರು ಇದೆ ನಿಜ. ಅವಳು ಸರ್ವರ್ ನೋಡಲ್ಲ.

ಯಾರೂ ಕಂಪ್ಲೇಂಟ್ ಮಾಡಿಲ್ಲ ಅನ್ನುವುದೂ ನಿಜವೇ ಇತ್ತು. ಕಂಪ್ಲೇಂಟ್ ಮಾಡುವ ಪುಟ ಇಂಗ್ಲಿಷ್‌ನಲ್ಲಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಒಂದೂವರೆ ವರ್ಷ ಪೈಪ್‌ಲೈನ್ ಹಸಿರಾಗಿತ್ತು. ಸ್ಕಿಪ್ ಮಾಡಿದ್ದನ್ನು ಅದು ಸುಳ್ಳು ಹೇಳಿ ಮುಚ್ಚಿಟ್ಟಿರಲಿಲ್ಲ, ಲಾಗ್‌ನಲ್ಲಿ ದಿನಾ ‘ಒಂದು ಸ್ಕಿಪ್’ ಅಂತ ಬರೆಯುತ್ತಲೇ ಇತ್ತು. ಸಾವಿರ ಸಾಲಿನ ನಡುವೆ ಒಂದು ಸಾಲು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಇಪ್ಪತ್ತೆರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಅದು ತನ್ನ ಮಾತನ್ನು ಹೇಳುತ್ತಲೇ ಇದೆ, ಕೆಳಗೆ ನಾವು ಓಡಾಡಿಕೊಂಡಿದ್ದೇವೆ. ಬರೆದಿಟ್ಟದ್ದೆಲ್ಲ ಹೇಳಿದ ಹಾಗೆ ಆಗಲ್ಲ. ನಮ್ಮ ಯಾಮಲ್ ಕಡತಗಳ ಗತಿಯೂ ಸುಮಾರಾಗಿ ಅದೇ.

ಟೆಸ್ಟ್ ಪಾಸಾಗುವುದೇ ಗುರಿಯಾದಾಗ ಎಲ್ಲಿಯವರೆಗೆ ಹೋಗಬಹುದು ಅಂತ ಫೋಕ್ಸ್‌ವಾಗನ್ ತೋರಿಸಿಕೊಟ್ಟಿತು. ಲ್ಯಾಬಿನಲ್ಲಿ ಹೊಗೆ ಪರೀಕ್ಷೆ ನಡೆಯುತ್ತಿದೆ ಅಂತ ಕಾರಿನ ಸಾಫ್ಟ್‌ವೇರೇ ಕಂಡುಹಿಡಿದು, ಆಗ ಮಾತ್ರ ಶುದ್ಧವಾಗಿ ಓಡುತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಇಲಾಖೆ ಅದನ್ನು ಬಯಲು ಮಾಡಿದಾಗ ಪ್ರಪಂಚದ ತುಂಬ ಅಂಥ ಸುಮಾರು 1.1 ಕೋಟಿ ಕಾರುಗಳಿದ್ದವು. ಎಲ್ಲವೂ ಪಾಸಾದ ಕಾರುಗಳೇ! ಸಿಕ್ಕಿಬಿದ್ದದ್ದು ಹೇಗೆ ಅಂದರೆ, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವರು ಅಳೆಯುವ ಸಾಮಾನನ್ನು ಡಿಕ್ಕಿಯಲ್ಲಿ ಹೇರಿಕೊಂಡು ನಿಜವಾದ ರಸ್ತೆಗೆ ಇಳಿದರು.

ಅದು ಮೋಸ, ನಮ್ಮದು ಹಾಗಲ್ಲ ಅನ್ನಿಸಬಹುದು. ಸರಿ, ಮೋಸವಿಲ್ಲದ ಉದಾಹರಣೆ ತಗೊಳ್ಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೈಗೆ ಬಂತು. ಆ ಅಪ್‌ಡೇಟ್ ಕೂಡ ಪಾಸ್ ಆಗಿತ್ತು. ಒಂದು ಕಡೆ 21 ಖಾನೆ ಅಂತ ಬರೆದಿತ್ತು, ಇನ್ನೊಂದು ಕಡೆ ಕೋಡ್ 20 ಮಾತ್ರ ಕೊಡುತ್ತಿತ್ತು. ಮೊದಲಿನ ಟೆಸ್ಟ್‌ಗಳಲ್ಲಿ 21ನೆಯ ಖಾನೆಗೆ ‘ಏನು ಬಂದರೂ ಸೈ’ ಅನ್ನುವ ಗುರುತು ಇದ್ದದ್ದರಿಂದ ವ್ಯತ್ಯಾಸ ಕಾಣಲೇ ಇಲ್ಲ. ಪರಿಶೀಲಿಸುವ ಪ್ರೋಗ್ರಾಂನಲ್ಲೇ ದೋಷವಿತ್ತು. ಕಾವಲುಗಾರನನ್ನು ಕಾಯುವವರು ಯಾರು ಅನ್ನುವ ಹಳೆಯ ಪ್ರಶ್ನೆ ಇದು, ಈ ಸಲ ಏರ್‌ಪೋರ್ಟ್ ಸಾಲಿನಲ್ಲಿ ನಿಂತು ಕೇಳಬೇಕಾಯಿತು.

ಕೆಂಪು ಬಂದದ್ದೆಲ್ಲ ಸತ್ಯ ಅಂತಲೂ ಇಲ್ಲ, ಅದನ್ನೂ ಹೇಳಿಬಿಡಬೇಕು. ನನ್ನದೇ ಊರಿನ ವಿಷಯ. ನಮ್ಮ ಅಜ್ಜ ಹುಟ್ಟಿದಾಗ ಹುಲಿಹೈದರ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ. 1956ಕ್ಕೆ ಮೈಸೂರು ರಾಜ್ಯ, 1973ಕ್ಕೆ ಕರ್ನಾಟಕ, ತೊಂಬತ್ತರ ದಶಕದ ಕೊನೆಗೆ ಕೊಪ್ಪಳ ಜಿಲ್ಲೆ, ಕನಕಗಿರಿ ಹೊಸ ತಾಲೂಕಾದ ಮೇಲೆ ಗಂಗಾವತಿ ತಾಲೂಕೂ ಬಿಟ್ಟಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನುವ ಹೆಸರೂ ಹೋಗಿ ಕಲ್ಯಾಣ ಕರ್ನಾಟಕ ಬಂತು. ಊರು ಒಂದು ಗೇಣೂ ಸರಿದಿಲ್ಲ. ಈ ಹೊತ್ತು ‘ತಾಲೂಕು ಗಂಗಾವತಿ’ ಅಂತ ಕಾಯುತ್ತಿರುವ ಟೆಸ್ಟ್ ಎಲ್ಲಾದರೂ ಇದ್ದರೆ, ಸರಿಯಾದ ವಿಳಾಸ ಬರೆದವನಿಗೆ ಅದು ಕೆಂಪು ತೋರಿಸುತ್ತದೆ. ಟೆಸ್ಟ್‌ನಲ್ಲಿರುವುದು ಯಾವತ್ತಿದ್ದರೂ ಬರೆದ ದಿನದ ಲೋಕ. ಹಾಗಾಗಿ ಕೆಂಪನ್ನು ತೆಗೆಯುವುದು ಎಷ್ಟೋ ಸಲ ಸರಿಯಾದ ಕೆಲಸವೇ. ತೆಗೆಯುವವರು ನೋಡಿ ತೆಗೆದರಾ, ನೋಡದೆ ತೆಗೆದರಾ ಅನ್ನುವುದು ಹೊರಗಿನಿಂದ ಕಾಣಲ್ಲ, ಎರಡಕ್ಕೂ ಒಂದೇ ಸಾಲಿನ ಬದಲಾವಣೆ ಸಾಕು. ನೀತಿಯ ಪ್ರಶ್ನೆ ಹುಟ್ಟುವುದು ಇಂಥ ಜಾಗದಲ್ಲೇ, ಯಾರೂ ನೋಡದ ಕಡೆ, ರಾತ್ರಿ ಹನ್ನೊಂದಕ್ಕೆ, ಇನ್ನೊಂದು ಸಲ ಓಡಿಸು ಅನ್ನುವ ಗುಂಡಿಯ ಮೇಲೆ ಬೆರಳು ಇದ್ದಾಗ.

ನಮ್ಮ ಕಸುಬಿನಲ್ಲಿ ಒಂದು ಒಳ್ಳೆಯ ಪದ್ಧತಿ ಬಂದಿದೆ, ತಪ್ಪಾದಾಗ ಯಾರ ಕಡೆಯೂ ಬೆರಳು ತೋರಿಸದೆ ಏನಾಯಿತು ಅಂತ ಕೂತು ಬರೆಯುವುದು. ನಾನು ಅದರ ಪರ. ಬೆರಳು ತೋರಿಸಿದರೆ ಜನ ಮುಚ್ಚಿಡುತ್ತಾರೆ, ಅಷ್ಟೇ. ಆದರೆ ಎಷ್ಟೋ ಕಡೆ ಇದನ್ನು ಬಳಸುವ ರೀತಿ ನೋಡಿದರೆ, ದೂಷಣೆಯ ಜೊತೆ ಜವಾಬ್ದಾರಿಯನ್ನೂ ಗುಡಿಸಿ ಹೊರಗೆ ಹಾಕಿದ ಹಾಗಿದೆ. ತಪ್ಪು ಯಾರದು ಅಂತ ಕೇಳದಿರುವುದು ಒಂದು, ಇನ್ನು ಮುಂದೆ ಇದು ಯಾರದು ಅಂತ ಕೇಳದಿರುವುದು ಇನ್ನೊಂದು. ಹೊಲದ ಬದು ಒಡೆದರೆ ಊರಲ್ಲಿ ಮೊದಲು ಮಣ್ಣು ಹಾಕುತ್ತಾರೆ, ಬೈಗುಳ ಆಮೇಲೆ. ಮಣ್ಣು ಹಾಕುವವನು ಮಾತ್ರ ಯಾವಾಗಲೂ ಒಬ್ಬ ಇರುತ್ತಾನೆ. ಸ್ಕಿಪ್ ಮಾಡಿದವರು ಕೆಟ್ಟವರಲ್ಲ, ಬಿಡುಗಡೆಯ ಒತ್ತಡ ನನಗೂ ಗೊತ್ತು. ಅವರು ಹುಲಿಗೆಮ್ಮನಿಗೆ ಅನ್ಯಾಯ ಮಾಡೋಣ ಅಂತ ಕೂತಿರಲಿಲ್ಲ. ಅವಳು ಅವರ ತಲೆಯಲ್ಲೇ ಇರಲಿಲ್ಲ. ನನ್ನ ಪ್ರಕಾರ ಅದೂ ಒಂದು ಬಗೆಯ ಅನ್ಯಾಯವೇ. ಟೆಸ್ಟ್ ಬರೆಯುವ ಎಂಜಿನಿಯರ್ ಯಾರನ್ನು ನೆನೆಸಿಕೊಳ್ಳುತ್ತಾನೋ ಅವರಿಗೆ ಮಾತ್ರ ಆ ಸಾಫ್ಟ್‌ವೇರ್ ಋಣಿ ಆಗಿರುತ್ತದೆ.

ಈಗ ಎಐ ಸಹಾಯಕರು ಕೋಡನ್ನೂ ಬರೆಯುತ್ತಾರೆ, ಟೆಸ್ಟನ್ನೂ ಬರೆಯುತ್ತಾರೆ. ಕೆಂಪು ಬಂದಾಗ ಕೆಲವೊಮ್ಮೆ ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿ ಹಸಿರು ಮಾಡಿಕೊಡುತ್ತಾರೆ. ಪ್ರಶ್ನೆಪತ್ರಿಕೆ, ಉತ್ತರ, ಮೌಲ್ಯಮಾಪನ ಮೂರೂ ಒಬ್ಬರದೇ. ಶೇ 100 ಅಂಕ ಬಂದರೆ ಆಶ್ಚರ್ಯವೇನು? ಕೆಲಸ ಬೇಗ ಆಗುತ್ತದೆ, ನಾನೂ ಬಳಸುತ್ತೇನೆ. ಆದರೆ ಯಾರಿಗೆ ಮಾತು ಕೊಡಬೇಕು ಅನ್ನುವ ಪಟ್ಟಿಯನ್ನು ಮಾತ್ರ ಇನ್ನೂ ಕೈಯಲ್ಲೇ ಬರೆಯುತ್ತೇನೆ: ಹೆಸರಿಗೆ ಒಂದೇ ಭಾಗ ಇರುವ ಹೆಂಗಸು, ಕೆಲಸ ಮಾಡಿ ಮಾಡಿ ಬೆರಳ ಗೆರೆ ಸವೆದ ಕೂಲಿಯವನು, ಮೂವರು ಸೇರಿ ಒಂದೇ ಫೋನ್ ಬಳಸುವ ಮನೆ. ಹೆಸರಿನ ವಿಷಯ ಚಿಕ್ಕದಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಾಗ, ಸರ್‌ನೇಮ್ ಅನ್ನುವ ಖಾನೆ ಖಾಲಿ ಬಿಟ್ಟವರೆಲ್ಲ ಒಮ್ಮೆಲೇ ತೊಂದರೆಗೆ ಬಿದ್ದರು.

ಆ ರಸೀದಿ ಏನಾಯಿತು ಅಂದರೆ, ಕೋಡ್ ಈಗ ಅಕ್ಷರದ ನಡುವೆ ಕತ್ತರಿಸದೆ ಮುಂದಿನ ಸಾಲಿಗೆ ಹೋಗುತ್ತದೆ, ಚೀಟಿ ಒಂದು ಗೇಣು ಉದ್ದವಾಗಿದೆ, ಕಾಗದದ ಖರ್ಚು ಜಾಸ್ತಿ ಅಂತ ಗೊಣಗಾಟವೂ ಆಯಿತು. ಕುಷ್ಟಗಿಯ ಹುಡುಗಿ ಇನ್ನೊಂದು ಕೆಲಸ ಮಾಡಿದಳು. ಸ್ಕಿಪ್ ಮಾಡುವವರು ತಮ್ಮ ಹೆಸರು, ಕಾರಣ, ಮತ್ತೆ ಯಾವಾಗ ನೋಡುತ್ತಾರೆ ಅನ್ನುವ ತಾರೀಖು ಬರೆಯದಿದ್ದರೆ ಬಿಲ್ಡ್ ಕೆಂಪಾಗುವ ಹಾಗೆ ಸ್ಕ್ರಿಪ್ಟ್‌ಗೆ ನಾಲ್ಕು ಸಾಲು ಸೇರಿಸಿದಳು. ಆ ನಾಲ್ಕು ಸಾಲನ್ನು ನಾನು ಈಗಿನ ಕಂಪನಿಗೂ ಹೊತ್ತು ತಂದಿದ್ದೇನೆ. ನಮ್ಮ ಪಟ್ಟಿಯಲ್ಲಿ ಇವತ್ತಿಗೆ 14 ಸ್ಕಿಪ್ ಇವೆ, ಎಲ್ಲಕ್ಕೂ ಹೆಸರಿದೆ, ಐದರ ತಾರೀಖು ದಾಟಿ ಹೋಗಿದೆ. ಅವುಗಳಲ್ಲಿ ಒಂದು ಒಂದೇ ಹೆಸರಿನ ಗ್ರಾಹಕರದ್ದು. ಸೋಮವಾರದ ಮೀಟಿಂಗ್‌ನಲ್ಲಿ ಮೊದಲು ಅದನ್ನೇ ಎತ್ತುತ್ತೇನೆ.